ಅತ್ತಿಗೆಯ ಪ್ರಶ್ನೆ

ನಾನು ಓದಿದ, ಮುಂದೆ ವಿಜ್ಞಾನದ ಉಪಾಧ್ಯಾಯನಾಗಿ ಸೇವೆ ಸಲ್ಲಿಸಿದ ಈ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಹಳೆಯ ನೆನಪುಗಳಿಗಿಂತ ಒಂದು ಪ್ರಶ್ನೆಯನ್ನು ಓದುಗರ ಮುಂದಿಡುವುದೇ ಉಚಿತವೆಂದು ತೋರಿತು. ಅದು ನನ್ನ ಅತ್ತಿಗೆಯವರು ಕೇಳಿದ ಪ್ರಶ್ನೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಬಯಲುಸೀಮೆಗೆ ಬೀಡಿ ಹೊಸದಲ್ಲ. ಸಂತೆಯಲ್ಲಿ ವ್ಯಾಪಾರ ಕುದುರಿದರೂ ಬೀಡಿ, ಮುರಿದರೂ ಬೀಡಿ. ಹರಪನಹಳ್ಳಿಯಲ್ಲಿ ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ ತಾಯಂದಿರುಂಟು. ನನ್ನ ಅಣ್ಣನವರು ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದರು. 2009ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಬೀಡಿಯೇ ಅವರನ್ನು ತಿಂದಿತೆಂದು ಊರವರು ಆಡಿಕೊಂಡರು, ನಾನೂ ಒಪ್ಪಿದೆನು.

ಆದರೆ 2016ರಲ್ಲಿ ಅತ್ತಿಗೆಯವರಿಗೆ ಬಿಡದ ಕೆಮ್ಮು ಹತ್ತಿತು. ಕ್ಷಯವೆಂದು ಭಾವಿಸಿ ಕೆಲವು ತಿಂಗಳು ಔಷಧ ನಡೆಯಿತು. ಕೊನೆಗೆ ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದಾಗ ಅದೂ ಶ್ವಾಸಕೋಶದ ಕ್ಯಾನ್ಸರೇ ಎಂದು ತಿಳಿಯಿತು.

“ತಮ್ಮಾ, ನಾನು ಒಂದು ದಿನಾನೂ ಬೀಡಿ ಮುಟ್ಟಿದಾಕಿ ಅಲ್ಲ. ನನಗ್ಯಾಕ ಬಂತು?” ಎಂದು ಅವರು ಕೇಳಿದರು. ಗುಟ್ಟಾಗಿ ಸೇದುತ್ತಿದ್ದಳೇನೋ ಎಂಬ ಪಿಸುಮಾತು ಆಗಲೇ ಊರಿನಲ್ಲಿ ಹಬ್ಬಿತ್ತು. ಪಾಠ ಮುಗಿದ ಮೇಲೆ ಹನ್ನೆರಡು ವರ್ಷ ಸಿಗರೇಟು ಸೇದಿ ಬಿಟ್ಟಿದ್ದ ನಾನು, ಉತ್ತರ ಕೊಡಲಾಗದೆ ತಲೆ ತಗ್ಗಿಸಿದೆನು. ಆ ನಾಚಿಕೆಯೇ ನನ್ನನ್ನು ಮತ್ತೆ ಪುಸ್ತಕಗಳ ಕಡೆಗೆ ತಿರುಗಿಸಿತು.

ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ, ಧೂಮಪಾನಕ್ಕೂ ಈ ರೋಗಕ್ಕೂ ಇರುವ ನಂಟನ್ನು ಡಾಲ್ ಮತ್ತು ಬ್ರಾಡ್‌ಫೋರ್ಡ್ ಹಿಲ್ ಅವರು 1950ರಲ್ಲಿ ತೋರಿಸಿದರು. ಹೊಗೆಯಲ್ಲಿರುವ ಬೆಂಜೋಪೈರೀನ್ ಎಂಬ ವಸ್ತು, ಜೀವಕೋಶದ ಕಾವಲುಗಾರನಂತಿರುವ ಪಿ-53 ವಂಶವಾಹಿಯಲ್ಲಿ ಎಲ್ಲಿ ಅಂಟಿಕೊಳ್ಳುವುದೋ, ಶ್ವಾಸಕೋಶದ ಗೆಡ್ಡೆಗಳಲ್ಲಿ ಅಲ್ಲಿಯೇ ಹೆಚ್ಚಾಗಿ ಉತ್ಪರಿವರ್ತನೆಗಳು ಕಾಣುವುವೆಂದು 1996ರಲ್ಲಿ ತಿಳಿದುಬಂದಿತು. ದಿನಕ್ಕೆ 20 ಸಿಗರೇಟಿನಂತೆ ಒಂದು ವರ್ಷ ಸೇದಿದರೆ ಶ್ವಾಸಕೋಶದ ಪ್ರತಿಯೊಂದು ಕೋಶದಲ್ಲಿ ಸರಾಸರಿ 150 ಉತ್ಪರಿವರ್ತನೆಗಳು ಸೇರುವುವೆಂದು 2016ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಎಲೆಯಲ್ಲಿ ಸುತ್ತಿದ ಮಾತ್ರಕ್ಕೆ ಬೀಡಿಯ ಹೊಗೆ ಸೌಮ್ಯವಾಗುವುದಿಲ್ಲ.

ಅತ್ತಿಗೆಯವರ ಗೆಡ್ಡೆಯಲ್ಲಿದ್ದುದು ಬೇರೊಂದು ಬಗೆಯ ಬದಲಾವಣೆ. ಇ.ಜಿ.ಎಫ್.ಆರ್. ಎಂಬ ವಂಶವಾಹಿಯಲ್ಲಿ ದೋಷವುಂಟಾದರೆ, ಬೆಳೆಯೆಂಬ ಆಜ್ಞೆ ಕೋಶಕ್ಕೆ ಬಿಡುವಿಲ್ಲದೆ ಹೋಗುತ್ತಿರುತ್ತದೆ. 2004ರಲ್ಲಿ ಬೆಳಕಿಗೆ ಬಂದ ಈ ದೋಷ ಸೇದದವರಲ್ಲಿ, ಅದರಲ್ಲೂ ಸ್ತ್ರೀಯರಲ್ಲಿ ಮತ್ತು ಏಷ್ಯಾದವರಲ್ಲಿ ಹೆಚ್ಚು. ಇಂಥ ಬದಲಾವಣೆಗಳು ಸಾಮಾನ್ಯವಾಗಿ ಜೀವಿತಕಾಲದಲ್ಲಿ ಗೆಡ್ಡೆಯಲ್ಲಿಯೇ ಹುಟ್ಟುವಂಥವು; ಮಕ್ಕಳಿಗೆ ಹೋಗುವಂಥವಲ್ಲ. ಪಕ್ಕದವರ ಬೀಡಿಯ ಹೊಗೆ, ಒಲೆಯ ಹೊಗೆ ಇವೂ ಅಪಾಯವನ್ನು ಹೆಚ್ಚಿಸುವುವು ನಿಜ. ಆದರೆ ಒಬ್ಬ ರೋಗಿಯನ್ನು ಮುಂದಿಟ್ಟುಕೊಂಡು ಇಂಥದೇ ಕಾರಣವೆಂದು ಬೆರಳು ಮಾಡಲು ಬರುವುದಿಲ್ಲ.

ಆ ದೋಷವನ್ನು ತಡೆಯುವ ಗೆಫಿಟಿನಿಬ್ ಗುಳಿಗೆ ಅವರಿಗೆ ದೊರೆಯಿತು. ರೋಗ ವಾಸಿಯಾಗಲಿಲ್ಲ, ಎರಡು ವರ್ಷ ಹಿಂದೆ ಸರಿದು ನಿಂತಿತು. ಆ ಅವಧಿಯಲ್ಲಿ ಮೊಮ್ಮಗಳ ಮದುವೆಯನ್ನು ಕಂಡರು. ಕೊಟ್ಟೂರೇಶ್ವರನ ತೇರಿಗೆ ಎರಡು ಸಲ ಬಾಳೆಹಣ್ಣು ಎಸೆದರು.

ಒಂದು ಸಂಜೆ ಇದನ್ನೆಲ್ಲ ಬಿಡಿಸಿ ಹೇಳಿ, “ಅತ್ತಿಗೆ, ಇದರಾಗ ನಿಮ್ಮ ತಪ್ಪೇನೂ ಇಲ್ಲ” ಎಂದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, “ಅಷ್ಟು ಗೊತ್ತಾದ್ರ ಸಾಕು. ನೀನು ಮೇಷ್ಟ್ರು, ಊರವರಿಗೂ ಹೇಳು. ನಿಮ್ಮಣ್ಣನ್ನ ಮಾತ್ರ ಬೈಬ್ಯಾಡ” ಎಂದರು.

ಅವರ ಮಾತನ್ನು ಇಲ್ಲಿ ನಡೆಸುತ್ತಿದ್ದೇನೆ. ಸೇದದವರಿಗೂ ಈ ರೋಗ ಬರಬಹುದೆಂಬುದು ಸೇದುವವರಿಗೆ ಸಮಾಧಾನವಾಗಬಾರದು. ಜಗತ್ತಿನ ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ಬಹುಪಾಲಿಗೆ ತಂಬಾಕೇ ಕಾರಣ. ಬ್ರಿಟಿಷ್ ವೈದ್ಯರನ್ನು 50 ವರ್ಷ ಅನುಸರಿಸಿದ ಅಧ್ಯಯನವು 2004ರಲ್ಲಿ ತಿಳಿಸಿದಂತೆ, ಬಿಡದೆ ಸೇದಿದವರು ಸುಮಾರು 10 ವರ್ಷ ಆಯುಷ್ಯ ಕಳೆದುಕೊಂಡರು. 50ನೆಯ ವಯಸ್ಸಿನಲ್ಲಿ ಬಿಟ್ಟವರೂ ಸುಮಾರು 6 ವರ್ಷ ಮರಳಿ ಪಡೆದರು. ಬಿಡಲು ತಡವಾಯಿತೆಂಬ ಮಾತೇ ಇಲ್ಲ.

ಉಪಾಧ್ಯಾಯ ಬಂಧುಗಳು ಇದನ್ನು ಮಕ್ಕಳಿಗೆ ಹೇಳಲಿ. ಜೊತೆಗೆ, ರೋಗಿಯ ಮಂಚದ ಬಳಿ ನಿಂತು “ಸೇದುತ್ತಿದ್ದಿರಾ?” ಎಂದು ಕೇಳುವ ಮೊದಲು, “ಹೇಗಿದ್ದೀರಿ?” ಎಂದು ಕೇಳುವುದನ್ನೂ ಕಲಿಸಲಿ.