ಬಾಕ್ಸ್ ಸೆಟ್ಟಿನ ಬೆಲೆ

2000ನೇ ಇಸವಿಯಲ್ಲಿ 'ದಿ ಎಕ್ಸ್-ಫೈಲ್ಸ್' ಟಿವಿ ಧಾರಾವಾಹಿಯ ಮೊದಲ ಸೀಸನ್ ಡಿವಿಡಿಯಾಗಿ ಬಂದಾಗ ಅಮೆರಿಕದಲ್ಲಿ ಅದರ ಮುದ್ರಿತ ಬೆಲೆ ಹತ್ತಿರಹತ್ತಿರ 150 ಡಾಲರ್. ಕೇಳಿದರೆ ಎದೆ ಧಸಕ್ಕೆನ್ನುತ್ತೆ. ಆದರೆ ಒಳಗಿದ್ದದ್ದು 24 ಕಂತು. ಒಂದಕ್ಕೆ ಆರು ಡಾಲರ್ ಚಿಲ್ಲರೆ ಬಿತ್ತು. ಅದಕ್ಕೂ ಮೊದಲು ವಿಎಚ್‌ಎಸ್ ಕ್ಯಾಸೆಟ್ಟಿಗೆ ಎರಡೆರಡೇ ಕಂತು ತುಂಬಿ ಮಾರುತ್ತಿದ್ದರು. ಕೆಲ ವರ್ಷ ಬಿಟ್ಟು ಅದೇ ಸೀಸನ್ನು ತೆಳು ಡಬ್ಬದಲ್ಲಿ ಅಗ್ಗವಾಗಿ ಬಂತು. ಮೊದಲೇ ಕೊಂಡ ಅಭಿಮಾನಿಗಳಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ನನ್ನ ತಕರಾರು ಬೆಲೆಯದ್ದಲ್ಲ, ಕತ್ತರಿ ಬಿದ್ದ ಮಾಲಿನದ್ದು. 'ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನ್ನಾಟಿ' ಒಂದು ರೇಡಿಯೊ ಕೇಂದ್ರದ ಹಾಸ್ಯ ಧಾರಾವಾಹಿ. ಡಿಜೆಗಳು ಹಾಕುವ ರಾಕ್ ಹಾಡುಗಳೇ ಅದರ ಜೀವ. 2007ರ ಡಿವಿಡಿಯಲ್ಲಿ ಬಹಳಷ್ಟು ಹಾಡು ಕಿತ್ತು, ಯಾವುದೋ ಬೇನಾಮಿ ಸಂಗೀತ ತುರುಕಿದರು. ಹಾಡಿನ ಹಕ್ಕಿಗೆ ದುಡ್ಡು ಸುರಿಯಬೇಕಲ್ಲ! 2014ರಲ್ಲಿ ಬೇರೆ ಕಂಪನಿಯೊಂದು ಹಕ್ಕು ಕೊಂಡು ಹೆಚ್ಚಿನ ಹಾಡುಗಳನ್ನು ವಾಪಸು ಸೇರಿಸಿತು. ಅಂಥದ್ದಕ್ಕೆ ನಾಲ್ಕು ಕಾಸು ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಹಳೆಯ ಸೀರಿಯಲ್ ಕೊಳ್ಳುವವರು ರಿಯಾಯಿತಿ ಎಷ್ಟು ಅಂತ ಆಮೇಲೆ ಕೇಳಿ, ಹಾಡು ಮೂಲದ್ದೇನಾ ಅಂತ ಮೊದಲು ವಿಚಾರಿಸಿ.