ಹಳೆಯ ಪರದೆಯ ನಾಡಿ ನೋಡುವವರು

1972ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸನಿವೇಲ್ ಊರಿನ 'ಆಂಡಿ ಕ್ಯಾಪ್ಸ್' ಎಂಬ ಮದ್ಯದಂಗಡಿಗೆ ಒಂದು ಪೆಟ್ಟಿಗೆ ಬಂದು ಕೂತಿತು. ಅದರೊಳಗಿದ್ದುದು ಅಂಗಡಿಯಿಂದ ತಂದ ಒಂದು ಕಪ್ಪು-ಬಿಳುಪು ಟಿವಿ. ನಾಣ್ಯ ಹಾಕಿದರೆ ಪರದೆಯ ಮೇಲೆ ಬಿಳಿ ಚುಕ್ಕೆಯೊಂದು ಚೆಂಡಿನ ಹಾಗೆ ಅತ್ತಿಂದಿತ್ತ ಓಡುತ್ತಿತ್ತು. ಅದೇ ಅಟಾರಿ ಸಂಸ್ಥೆಯ 'ಪಾಂಗ್' ಆಟ. ಸ್ವಲ್ಪ ದಿನಗಳಲ್ಲೇ ಯಂತ್ರ ಕೆಟ್ಟಿದೆಯೆಂದು ಕರೆ ಬಂತು. ಅದನ್ನು ರೂಪಿಸಿದ ಇಂಜಿನಿಯರ್ ಆಲನ್ ಆಲ್ಕಾರ್ನ್ ಹೋಗಿ ಪೆಟ್ಟಿಗೆ ತೆರೆದು ನೋಡಿದರೆ ಸರ್ಕೀಟಿನಲ್ಲಿ ಯಾವ ದೋಷವೂ ಇರಲಿಲ್ಲ. ನಾಣ್ಯ ಬೀಳುವ ಡಬ್ಬಿ ತುಂಬಿಹೋಗಿ ಹೊಸ ನಾಣ್ಯಕ್ಕೆ ಜಾಗವಿರಲಿಲ್ಲ, ಅಷ್ಟೆ!

ಕಾಸು ಹಾಕಿ ಆಡುವ ಆರ್ಕೇಡ್ ಯಂತ್ರಗಳ ರಿಪೇರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಬೇರೆ ಬೇಕಿಲ್ಲ. ಮೊದಲು ನೋಡಬೇಕು, ಅಳೆಯಬೇಕು, ಬದಲಿಸುವುದು ಆಮೇಲೆ.

'ಪಾಂಗ್' ನಂತರ 1978ರಲ್ಲಿ ಜಪಾನಿನಿಂದ 'ಸ್ಪೇಸ್ ಇನ್ವೇಡರ್ಸ್', 1980ರಲ್ಲಿ 'ಪ್ಯಾಕ್-ಮ್ಯಾನ್' ಬಂದವು. ಆ ಕಾಲದ ಯಂತ್ರಗಳನ್ನು ಇಂದಿಗೂ ಆಡಿಸುವ ಸ್ಥಳಗಳಿವೆ. ಅಮೆರಿಕದ ಲಕೋನಿಯಾ ಊರಿನ ಫನ್‌ಸ್ಪಾಟ್‌ನಲ್ಲಿ ಇಂಥ ಯಂತ್ರಗಳದ್ದೇ ಒಂದು ಸಂಗ್ರಹಾಲಯವಿದೆ. ಶಿಕಾಗೋ ಬಳಿಯ ಗ್ಯಾಲಪಿಂಗ್ ಘೋಸ್ಟ್, ಟೋಕಿಯೋದ ಮಿಕಾಡೋ ಕೂಡ ಹಳೆಯ ಆಟಗಳಿಗೆ ಹೆಸರಾದವು. ಆದರೆ ಈ ಯಂತ್ರಗಳ ಜೀವಾಳವಾದ ಗಾಜಿನ ಚಿತ್ರಕೊಳವೆಯನ್ನು ತಯಾರಿಸುತ್ತಿದ್ದ ದೊಡ್ಡ ಕಾರ್ಖಾನೆಗಳೆಲ್ಲ ಬಾಗಿಲು ಹಾಕಿವೆ. ಒಡೆದ ಕೊಳವೆಯ ಬದಲಿಗೆ ಹೊಸದನ್ನು ತರಿಸುವ ಹಾಗಿಲ್ಲ. ಹಾಗಾಗಿ ಪೆಟ್ಟಿಗೆಯ ಹಿಂಬಾಗಿಲು ತೆರೆದು ಕೂರುವ ರಿಪೇರಿಗಾರನ ಕೈಗೆ ಈಗ ಎಲ್ಲಿಲ್ಲದ ಬೆಲೆ.

ಈ ಕೊಳವೆಯ ಮೂಲ ಪುರುಷ ಜರ್ಮನಿಯ ಕಾರ್ಲ್ ಫರ್ಡಿನಂಡ್ ಬ್ರೌನ್, ವರ್ಷ 1897. ಕೊಳವೆಯ ಕತ್ತಿನಲ್ಲಿ ಕಾದ ಕ್ಯಾಥೋಡ್ ಎಲೆಕ್ಟ್ರಾನುಗಳನ್ನು ಉಗುಳುತ್ತದೆ. ಇಪ್ಪತ್ತು ಸಾವಿರ ವೋಲ್ಟಿಗೂ ಮಿಕ್ಕ ಒತ್ತಡ ಅವನ್ನು ಪರದೆಯತ್ತ ಸೆಳೆಯುತ್ತದೆ. ಪರದೆಯ ಒಳಮೈಗೆ ಬಳಿದ ಫಾಸ್ಫರ್ ಲೇಪ ಅವು ಬಡಿದಲ್ಲಿ ಹೊಳೆಯುತ್ತದೆ. ಕತ್ತಿಗೆ ತೊಡಿಸಿದ ತಾಮ್ರದ ಸುರುಳಿಗಳು ಎಲೆಕ್ಟ್ರಾನು ಕಿರಣವನ್ನು ಸೆಕೆಂಡಿಗೆ ಸುಮಾರು 15,700 ಸಲ ಎಡದಿಂದ ಬಲಕ್ಕೆ, 60 ಸಲ ಮೇಲಿನಿಂದ ಕೆಳಕ್ಕೆ ಎಳೆದಾಡುತ್ತವೆ. ಒಂದು ಕಾಲಕ್ಕೆ ಮನೆಮನೆಯಲ್ಲಿದ್ದ, ಬೆನ್ನು ಉಬ್ಬಿದ ಟಿವಿಯೊಳಗೆ ನಡೆಯುತ್ತಿದ್ದುದೂ ಇದೇ.

ಪರದೆ ಕೆಟ್ಟಾಗ ಅದರ ಮುಖ ನೋಡಿಯೇ ರೋಗದ ಜಾಗ ಊಹಿಸಬಹುದು. ನಡುವೆ ಒಂದೇ ಒಂದು ಅಡ್ಡಗೆರೆ ಹೊಳೆಯುತ್ತಿದ್ದರೆ ಕಿರಣವನ್ನು ಮೇಲೆ ಕೆಳಗೆ ಎಳೆಯುವ ಭಾಗ ನಿಂತಿದೆ ಎಂದು ಅರ್ಥ. ಹಳೆಯ ಟಿವಿಗಳಲ್ಲೂ ಈ ಗೆರೆಯನ್ನು ಕಂಡವರು ಬಹಳ ಮಂದಿ. ಒಂದು ಬಣ್ಣ ಮಾತ್ರ ಮಾಯವಾಗಿದ್ದರೆ ಕತ್ತಿನ ಹಿಂದಿನ ಪುಟ್ಟ ಹಲಗೆಯ ಟ್ರಾನ್ಸಿಸ್ಟರನ್ನೋ ಬಿರುಕು ಬಿಟ್ಟ ಬೆಸುಗೆಯನ್ನೋ ನೋಡಬೇಕು. ಚಿತ್ರ ಅಲೆಯಲೆಯಾಗಿ ಬಳುಕಿದರೆ ಮೊದಲ ಅನುಮಾನ ವಿದ್ಯುತ್ ಪೂರೈಕೆಯ ದೊಡ್ಡ ಕೆಪಾಸಿಟರಿನ ಮೇಲೆ.

ಕೈ ಹಾಕುವ ಮುನ್ನ ಎಚ್ಚರಿಕೆ ಬೇಕು. ಕೊಳವೆಯ ಗಾಜಿಗೆ ಒಳಗೂ ಹೊರಗೂ ವಿದ್ಯುದ್ವಾಹಕ ಲೇಪವಿರುವುದರಿಂದ ಅದೇ ಒಂದು ಲೇಡನ್ ಜಾಡಿ. ಪ್ಲಗ್ ಕಿತ್ತ ಮೇಲೂ ಸಾವಿರಾರು ವೋಲ್ಟ್ ಅದರಲ್ಲಿ ಉಳಿದಿರಬಹುದು. ಅನುಭವಿಗಳು ತಂತಿಯ ಒಂದು ತುದಿಯನ್ನು ಕೊಳವೆಯ ಸುತ್ತಲಿನ ಭೂಸಂಪರ್ಕದ ಪಟ್ಟಿಗೆ ಕಟ್ಟಿ, ಇನ್ನೊಂದು ತುದಿಗೆ ಕಟ್ಟಿದ ಸ್ಕ್ರೂಡ್ರೈವರನ್ನು ರಬ್ಬರ್ ಬಟ್ಟಲಿನಡಿ ತೂರಿಸಿ ಅದನ್ನು ಇಳಿಸುತ್ತಾರೆ. ಆಗ ಇನ್ನೊಂದು ಕೈ ಜೇಬಿನಲ್ಲಿ! ಇದಲ್ಲದೆ ಕೆಲವು ಮಾದರಿಗಳಿಗೆ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್ ಇಲ್ಲದೆ ವಿದ್ಯುತ್ ಕೊಡಲೇಬಾರದು. ಈ ವಿದ್ಯೆಯನ್ನು ಗುರುವಿನ ಬಳಿ ನಿಂತು ಕಲಿಯುವುದೇ ಕ್ಷೇಮ.

ಹೆಚ್ಚಾಗಿ ಸಾಯುವುದು ಅತಿ ಅಗ್ಗದ ಭಾಗ, ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಅದರೊಳಗೆ ದ್ರಾವಣದಲ್ಲಿ ನೆನೆಸಿದ ಕಾಗದವಿರುತ್ತದೆ. ಪೆಟ್ಟಿಗೆಯ ಕಾವಿಗೆ ವರ್ಷಗಟ್ಟಲೆ ಬೆಂದು ಅದು ಎಳನೀರು ಆರಿದ ಕಾಯಿಯಂತಾಗುತ್ತದೆ. ಉಷ್ಣತೆ ಪ್ರತಿ 10 ಡಿಗ್ರಿ ಏರಿದಾಗ ಅದರ ಆಯುಷ್ಯ ಅರ್ಧವಾಗುತ್ತದೆಂಬುದು ಈ ಕಸುಬಿನ ಸ್ಥೂಲ ಲೆಕ್ಕ. ವಿಚಿತ್ರವೆಂದರೆ, ಧಾರಕತೆ ಅಳೆದರೆ ಸರಿಯಾಗಿಯೇ ಇರಬಹುದು. ಕೊಡದ ತುಂಬ ನೀರಿದ್ದೂ ಬಾಯಿ ಕಟ್ಟಿಕೊಂಡಂತೆ, ಒಳಗಿನ ರೋಧ ಮಾತ್ರ ಏರಿರುತ್ತದೆ. ಆ ರೋಧವನ್ನು ಅಳೆಯಲೆಂದೇ ಇಎಸ್‌ಆರ್ ಮೀಟರ್ ಇದೆ. ಕೆಪಾಸಿಟರನ್ನು ಹಲಗೆಯಿಂದ ಕೀಳದೆಯೇ ಅದರಿಂದ ಪರೀಕ್ಷಿಸಬಹುದು. ಬದಲಿಸುವಾಗ 105 ಡಿಗ್ರಿ ತಾಳುವುದನ್ನು ಆರಿಸಿ, ವೋಲ್ಟ್ ಅಂಕೆ ಮೊದಲಿನಷ್ಟೇ ಅಥವಾ ಹೆಚ್ಚಿರುವಂತೆ ನೋಡಿ, ಧನ-ಋಣ ತಪ್ಪದಂತೆ ಕೂರಿಸಬೇಕು. ತಪ್ಪಿದರೆ ಅದು ಪಟಾಕಿಯಂತೆ ಸಿಡಿಯುವುದೂ ಉಂಟು.

ಅವಸರಕ್ಕೆ ಬೀಳುವ ದಂಡ ಕಾಣುವುದು ಅಡ್ಡಗೆರೆ ಎಳೆಯುವ ಶಕ್ತಿಶಾಲಿ ಟ್ರಾನ್ಸಿಸ್ಟರಿನಲ್ಲಿ. ಫ್ಯೂಸ್ ಸುಟ್ಟಿದೆ, ಟ್ರಾನ್ಸಿಸ್ಟರ್ ಒಳಗೇ ಕೂಡಿಕೊಂಡಿದೆ. ಹೊಸಬ ಅದನ್ನು ಬದಲಿಸಿ ಸ್ವಿಚ್ ಹಾಕುತ್ತಾನೆ. ಕ್ಷಣದಲ್ಲಿ ಹೊಸದೂ ಬೂದಿ. ಏಕೆಂದರೆ ಅದನ್ನು ಕೊಂದವನು ಬೇರೆ. ಅಧಿಕ ವೋಲ್ಟ್ ಉತ್ಪಾದಿಸುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರಿನ ಕೆಲವು ಸುತ್ತುಗಳು ಒಳಗೊಳಗೇ ಬೆಸೆದಿರಬಹುದು, ಇಲ್ಲವೇ ವೋಲ್ಟೇಜ್ ನಿಯಂತ್ರಣ ತಪ್ಪಿರಬಹುದು. ಬಲ್ಲವನು ಫ್ಯೂಸಿನ ಜಾಗದಲ್ಲಿ ಒಂದು ಸಾದಾ ಬಲ್ಬನ್ನು ಸೇರಿಸುತ್ತಾನೆ. ಬಲ್ಬು ಪ್ರಖರವಾಗಿ ಉರಿಯುತ್ತಲೇ ಇದ್ದರೆ ದೋಷ ಇನ್ನೂ ಇದೆ; ಒಮ್ಮೆ ಮಿನುಗಿ ಮಂಕಾದರೆ ಧೈರ್ಯವಾಗಿ ಮುಂದುವರಿಯಬಹುದು. ಕೆಲವು ಟ್ರಾನ್ಸಿಸ್ಟರುಗಳೊಳಗೆ ತಯಾರಕರೇ ಒಂದು ಕಿರಿಯ ರೋಧಕವನ್ನು ಇಟ್ಟಿರುತ್ತಾರೆ. ಅದನ್ನು ಅರಿಯದವನ ಮೀಟರಿಗೆ ಒಳ್ಳೆಯ ಭಾಗವೂ ಕೆಟ್ಟದ್ದೆಂದು ಕಾಣುತ್ತದೆ.

ಇಷ್ಟೆಲ್ಲ ಪಾಡು ಏಕೆ, ಚಪ್ಪಟೆ ಎಲ್‌ಸಿಡಿ ಪರದೆ ಹಾಕಿದರಾಯಿತಲ್ಲ ಎನ್ನಬಹುದು. ಹಾಕಿದವರೂ ಇದ್ದಾರೆ. ಆದರೆ 1984ರ 'ಡಕ್ ಹಂಟ್'ನಂಥ ಬಂದೂಕಿನ ಆಟಗಳು ಕಿರಣ ಹೊಳೆಯುವ ಕ್ಷಣವನ್ನೇ ನಂಬಿದವು. ಎಲ್‌ಸಿಡಿ ಮುಂದೆ ಆ ಬಂದೂಕು ಕುರುಡು. 1979ರ 'ಆಸ್ಟರಾಯ್ಡ್ಸ್' ಆಟದಲ್ಲಿ ಕಿರಣವೇ ಲೇಖನಿಯಂತೆ ಗೆರೆ ಎಳೆಯುತ್ತದೆ. ಅಲ್ಲಿ ಹಾರುವ ಗುಂಡಿನ ಚುಕ್ಕೆಯ ಉರಿಬೆಳಕು ಚಪ್ಪಟೆ ಪರದೆಯಲ್ಲಿ ಸಪ್ಪೆ. ಆಟ ಉಳಿಯಬೇಕಾದರೆ ಕೊಳವೆಯೂ ಉಳಿಯಬೇಕು.

ಕೊಳವೆಗೂ ಮುಪ್ಪುಂಟು. ವರ್ಷಗಟ್ಟಲೆ ಒಂದೇ ಚಿತ್ರ ಕೂತ 'ಪ್ಯಾಕ್-ಮ್ಯಾನ್' ಪರದೆಯಲ್ಲಿ, ವಿದ್ಯುತ್ ಆರಿಸಿದ ಮೇಲೂ ಜಟಿಲದಾರಿಯ ನೆರಳು ಮಾಸದೆ ನಿಂತಿರುತ್ತದೆ. ಸವೆದ ಕ್ಯಾಥೋಡಿಗೆ ಹೆಚ್ಚು ವೋಲ್ಟ್ ಕೊಟ್ಟು ಚುರುಕುಗೊಳಿಸುವ ಯಂತ್ರಗಳಿವೆ. ಅದು ಕೊನೆಯ ಔಷಧಿ, ಬದುಕಿಸಲೂಬಹುದು, ಕೊಲ್ಲಲೂಬಹುದು. ಎಸೆದ ಟಿವಿಯಿಂದ ಹೊಂದುವ ಕೊಳವೆ ತೆಗೆದು ಕಸಿ ಮಾಡುವವರೂ ಇದ್ದಾರೆ. ಆದರೆ ಹಲಗೆ ಎಳೆಯುವಾಗ ಕೈ ಜಾರಿ ತೆಳುವಾದ ಕತ್ತು ಮುರಿದರೆ, ಒಳಗೆ ಗಾಳಿ ನುಗ್ಗಿ ಕಥೆ ಅಲ್ಲಿಗೆ ಮುಗಿಯಿತು.

ಸರಿಯಾದ ಯಂತ್ರ ಹೊತ್ತಿಕೊಂಡಾಗ 15,700 ಕಂಪನಗಳ ಸಣ್ಣ ಸಿಳ್ಳೆಯೊಂದು ಹೊರಡುತ್ತದೆ. ಅಡ್ಡಗೆರೆಯ ಭಾಗಕ್ಕೆ ಜೀವ ಬಂತೆಂಬುದಕ್ಕೆ ಅದೇ ಮೊದಲ ಗುರುತು. ಆದರೆ ಪ್ರಾಯ ಏರಿದಂತೆ ಕಿವಿ ಇಂಥ ಎತ್ತರದ ದನಿಗಳನ್ನೇ ಮೊದಲು ಕಳೆದುಕೊಳ್ಳುತ್ತದೆ. ಈ ವಿದ್ಯೆಯನ್ನು ಚೆನ್ನಾಗಿ ಬಲ್ಲ ಹಿರಿಯರಲ್ಲಿ ಅನೇಕರಿಗೆ ಆ ಸಿಳ್ಳೆ ಈಗ ಕೇಳಿಸದು. ಪರದೆಯ ಬಳಿ ಮುಂಗೈ ಹಿಡಿದು, ರೋಮ ನಿಮಿರುವುದನ್ನು ನೋಡಿ ಅವರು ತಿಳಿಯುತ್ತಾರೆ. ಇಲ್ಲವೇ ಪಕ್ಕದಲ್ಲಿ ನಿಂತ ಹುಡುಗನನ್ನು ಕೇಳಬೇಕು. ಹಾಗೆ ಕೇಳಲು ಪಕ್ಕದಲ್ಲೊಬ್ಬ ಹುಡುಗ ಇದ್ದರೆ, ಆ ಯಂತ್ರಕ್ಕೆ ಇನ್ನಷ್ಟು ವರ್ಷ ಆಯುಸ್ಸಿದೆ ಎನ್ನಬಹುದು.