ಮಾಲೀಕರ ಹೆಸರು

ನನ್ನ ಪ್ರಶ್ನಾವಳಿಯ ನಾಲ್ಕನೇ ಪ್ರಶ್ನೆ ಹೀಗಿತ್ತು: ‘ಓಟದಲ್ಲಿ ಗೆದ್ದ ಎತ್ತಿನ ಮಾಲೀಕರ ಹೆಸರು’. ಅದನ್ನು ಓದಿದ ಅಣ್ಣ ನಕ್ಕುಬಿಟ್ಟ. “ಎತ್ತು ದೇವರದ್ದು. ಯಾರ ಹೆಸರು ಬರೀತೀಯಪ್ಪ?” ಎಂದ. ಮನೆಯಲ್ಲಿ ನಾವು ಆಡುವುದು ತೆಲುಗು. ಅಣ್ಣನ ಮಾತನ್ನು ಕನ್ನಡಕ್ಕೆ ತರುವುದೂ ಈಗ ನನ್ನ ಪಿಎಚ್‌.ಡಿ. ಕೆಲಸದ ಭಾಗ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳ ಹಿಂಡುಗಳಿವೆ. ಅವುಗಳ ಹೆಗಲಿಗೆ ನೊಗ ಇಡುವುದಿಲ್ಲ, ಅವನ್ನು ಮಾರುವುದಿಲ್ಲ. ಸತ್ತರೆ ಮಣ್ಣು ಮಾಡುತ್ತಾರೆ. ಮೇಯಿಸಿಕೊಂಡು ಬರುವವರು ಕಿಲಾರಿಗಳು. ತಾತ ಕಿಲಾರಿ, ಅಪ್ಪ ಕಿಲಾರಿ, ಈಗ ಅಣ್ಣ. ಅವನು ಏಳನೇ ತರಗತಿಗೆ ಶಾಲೆ ಬಿಟ್ಟ. ಅಪ್ಪನಿಗೆ ಕಾಲು ಸೋತಿತ್ತು, ಇಬ್ಬರು ಮಕ್ಕಳಲ್ಲಿ ಒಬ್ಬರು ಎತ್ತುಗಳ ಹಿಂದೆ ಹೋಗಲೇಬೇಕಿತ್ತು. ನಾನು ಚಿಕ್ಕವನು. ಹಾಗಾಗಿ ಪುಸ್ತಕ ನನ್ನ ಪಾಲಿಗೆ ಉಳಿಯಿತು.

ಹಬ್ಬದಲ್ಲಿ ಎತ್ತುಗಳನ್ನು ಓಡಿಸುತ್ತಾರೆ. ಈ ಓಟಕ್ಕೆ ಬಂಡಿಯಿಲ್ಲ, ಮೇಲೆ ಕೂತು ಚಾವಟಿ ಬೀಸುವವರಿಲ್ಲ. ಬಯಲಿನ ಆ ತುದಿಯಿಂದ ಹಿಂಡು ಬಿಟ್ಟರೆ ಕಿಲಾರಿಗಳೂ ಬರಿಗಾಲಲ್ಲಿ ಓಡುತ್ತಾರೆ. ಈ ಸಲ ಅಪ್ಪ ಕೋಲೂರಿಕೊಂಡು ಬಂದು ಒಂದೊಂದು ಎತ್ತಿನ ಮೈ ಸವರಿದ. ಅತ್ತಿಗೆ ನಸುಕಿನಲ್ಲೇ ರೊಟ್ಟಿ ಬಡಿದು ಬುತ್ತಿ ಕಟ್ಟಿದ್ದಳು. ಅಣ್ಣನ ಮಗ ಹಿಂಡಿನ ಜೊತೆ ಓಡಲು ಪ್ಯಾಂಟು ಮಡಚಿಕೊಂಡ. ನಾನು ಮೊಬೈಲ್ ಹಿಡಿದು ನಿಂತೆ.

ಓಟ ಮುಗಿಯಲು ಎರಡು ನಿಮಿಷವೂ ಹಿಡಿಯಲಿಲ್ಲ. ದೂಳು ಇಳಿದಾಗ ನಮ್ಮ ಹಿಂಡಿನ ಬಿಳಿ ಎತ್ತು ಮುಂದಿತ್ತು. ಜನ ಕೇಕೆ ಹಾಕಿದರು, ಅದರ ಹಣೆಗೆ ಅರಿಶಿನ ಹಚ್ಚಿದರು. ನಾನು ಅಣ್ಣನನ್ನು ಹುಡುಕಿದೆ. ಅವನು ಗೆದ್ದ ಎತ್ತಿನ ಹತ್ತಿರ ಇರಲಿಲ್ಲ. ಕೊನೆಗೆ ಕುಂಟುತ್ತಾ ಬಂದಿದ್ದ ಎತ್ತಿನ ಗೊರಸು ಹಿಡಿದು ಮುಳ್ಳು ಕೀಳುತ್ತಿದ್ದ.

ಆ ರಾತ್ರಿ ಅಣ್ಣನಿಗೆ ಒಂದು ವಿಡಿಯೊ ತೋರಿಸಿದೆ. ಅಲಾಸ್ಕಾದಲ್ಲಿ 1973ರಿಂದ ನಡೆಯುವ ಇಡಿಟರಾಡ್ ಓಟ. ಹಿಮದ ಮೇಲೆ ಸುಮಾರು ಸಾವಿರ ಮೈಲಿ ನಾಯಿಗಳು ಜಾರುಬಂಡಿ ಎಳೆಯುತ್ತವೆ. ಸೀವಿ ಎಂಬ ಮನೆತನದ ಡ್ಯಾನ್ ಮೊದಲ ವರ್ಷದ ಓಟದಲ್ಲೇ ಇದ್ದವನು. ಮಗ ಮಿಚ್, ಮೊಮ್ಮಗ ಡಲಾಸ್ ಇಬ್ಬರೂ ಒಂದಕ್ಕಿಂತ ಹೆಚ್ಚು ಸಲ ಗೆದ್ದವರು. ನಾನು ಇದನ್ನೆಲ್ಲ ವಿವರಿಸುತ್ತಿದ್ದರೆ ಅಣ್ಣ ಕೇಳಿದ್ದು ಒಂದೇ: “ರಾತ್ರಿ ಆ ನಾಯಿಗಳಿಗೆ ಊಟ ಹಾಕೋರು ಯಾರು?”

ಓಡಿಸುವವನೇ ಹಾಕುತ್ತಾನೆ, ಮಲಗಲು ಹುಲ್ಲು ಹಾಸುತ್ತಾನೆ, ಪಾದ ನೋಡಿ ಕಾಲುಚೀಲ ತೊಡಿಸುತ್ತಾನೆ ಎಂದೆ. “ಹಂಗಾದ್ರೆ ಸರಿ” ಎಂದು ಮೊಬೈಲ್ ವಾಪಸ್ ಕೊಟ್ಟ.

ನಮ್ಮಲ್ಲಿ ಈಗ ಕಷ್ಟವಾಗಿರುವುದು ಈ ಊಟವೇ. ಮೈಸೂರು ಅರಸರ ಕಾಲದಿಂದ ದನಗಳಿಗೆಂದೇ ಕಾದಿಟ್ಟ ಅಮೃತಮಹಲ್ ಕಾವಲುಗಳು ಚಳ್ಳಕೆರೆ ಸೀಮೆಯಲ್ಲಿದ್ದವು. 2008ರ ನಂತರದ ವರ್ಷಗಳಲ್ಲಿ ಅವುಗಳಲ್ಲಿ 8,000 ಎಕರೆಗೂ ಹೆಚ್ಚು ನೆಲ ವಿಜ್ಞಾನ, ರಕ್ಷಣೆ, ಅಣುಶಕ್ತಿಯ ಸಂಸ್ಥೆಗಳಿಗೆ ಹಂಚಿಕೆಯಾಯಿತು. 2013ರಲ್ಲಿ ವಿಷಯ ಹಸಿರು ನ್ಯಾಯಮಂಡಳಿಯ ಮುಂದಿತ್ತು. ಗೋಡೆಗಳು ಎದ್ದವು. ಮಳೆಯೇ ಕಮ್ಮಿಯಾದ ಈ ಸೀಮೆಯಲ್ಲಿ ಒಂದು ಕಾವಲು ಮುಚ್ಚಿದರೆ ಇನ್ನೊಂದಕ್ಕೆ ಸುತ್ತಿ ನಡೆಯಬೇಕು. ಬರದ ವರ್ಷ ಮೇವಿಗೆ ದಾನಿಗಳ ಲಾರಿಯನ್ನು ಕಾಯಬೇಕು. ‘ಸಂಶೋಧನೆ’ ಎಂಬ ಪದ ಅಣ್ಣನಿಗೆ ಪರಿಚಯವಾದದ್ದು ನನ್ನ ಓದಿನಿಂದಲ್ಲ, ಒಂದು ಗೋಡೆಯ ಮೇಲಿದ್ದ ಬೋರ್ಡಿನಿಂದ. ನಾನೂ ಸಂಶೋಧನೆ ಮಾಡುತ್ತಿದ್ದೇನೆ ಎಂದು ಮೊದಲ ಸಲ ಹೇಳಿದಾಗ, “ನಿಂಗೆಷ್ಟು ಎಕರೆ ಬೇಕು?” ಎಂದು ಕೇಳಿದ್ದ. ತಮಾಷೆಗೆ ಕೇಳಿದ್ದು. ನನಗೆ ಮಾತ್ರ ಆ ದಿನ ನಗು ಬರಲಿಲ್ಲ.

ನಾಲ್ಕನೇ ಪ್ರಶ್ನೆಯನ್ನು ‘ಮೇಯಿಸುವವರ ಹೆಸರು’ ಎಂದು ತಿದ್ದಿದೆ. ನಮ್ಮ ಮನೆಯ ಹಾಳೆಯಲ್ಲಿ ಅಣ್ಣನ ಹೆಸರು ಬರೆದು ಐದನೆಯದನ್ನು ಓದಿದೆ: ‘ನಿಮ್ಮ ನಂತರ ಈ ಕೆಲಸ ಯಾರು ಮಾಡುತ್ತಾರೆ?’

ಅಣ್ಣನ ಮಗ ಒಂಬತ್ತನೇ ತರಗತಿಯಲ್ಲಿದ್ದಾನೆ. ಬೆಳಗ್ಗೆ ಓಡಿ ಕೆಂಪಾದ ಅಂಗಾಲು ಚಾಚಿಕೊಂಡು ಅಲ್ಲೇ ಮಲಗಿದ್ದ. ಅಣ್ಣ ಅವನ ಕಡೆ ನೋಡಿದ, ಆಮೇಲೆ ರೊಪ್ಪದ ಕಡೆ.

“ಅದನ್ನ ಖಾಲಿ ಬಿಡು” ಎಂದ. “ಅವನು ಓದ್ಲಿ.”